ಕೆರೆಯ ಪುಣ್ಯ ಯಾರದು, ಭಾರ ಯಾರದು?



ತಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಈಗ ದೂರದ ಊರುಗಳಲ್ಲಿ ಉದ್ಯೋಗಸ್ಥರಾಗಿರುವಿರಿ. ಬಹುಮಂದಿ ಹಳ್ಳಿಯಿಂದ ಬಂದವರು. ತಮ್ಮ ಹಳ್ಳಿಗೊಂದು ಕೆರೆ ಇದ್ದೇ ಇದ್ದೀತು. ಅದನ್ನು ಕಟ್ಟಿಸಿದವರು ಯಾರೆಂದು ಕೇಳಿದರೆ ಒಬ್ಬ ಪಾಳೆಯಗಾರನ ಹೆಸರನ್ನೋ ಒಬ್ಬ ಗೌಡನ ಹೆಸರನ್ನೋ ತಾವು ಹೇಳಬಲ್ಲಿರಿ. ಅಗೆದವರು ಯಾರೆಂದು ಕೇಳಿದರೆ? ಬೇಸಿಗೆ ಬೇಸಿಗೆಗೂ ಹೂಳೆತ್ತಿದವರು ಯಾರು, ಮಳೆಗಾಲದ ನಡುರಾತ್ರಿಯಲ್ಲಿ ಕಂದೀಲು ಹಿಡಿದು ಏರಿಯ ಮೇಲೆ ಕಾವಲು ನಡೆದವರು ಯಾರು ಎಂದು ಕೇಳಿದರೆ? ಮೊದಲ ಪ್ರಶ್ನೆಗೆ ಕಲ್ಲಿನ ಮೇಲೆ ಉತ್ತರ ಬರೆದಿರುತ್ತದೆ. ಎರಡನೆಯದಕ್ಕೆ ಎಲ್ಲಿಯೂ ಬರೆದಿಲ್ಲ. ಇದನ್ನು ಕುರಿತು ತಮ್ಮೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ನನ್ನ ಅಪೇಕ್ಷೆ.

ನಮ್ಮ ಪೂರ್ವಿಕರು ಕೆರೆಯನ್ನು ಸಪ್ತಸಂತಾನಗಳಲ್ಲಿ ಒಂದೆಂದು ಗಣಿಸಿದರು. ಪುತ್ರ, ನಿಧಿ, ಅಗ್ರಹಾರ, ದೇವಾಲಯ, ವನ, ಕೃತಿ, ಇವುಗಳ ಸಾಲಿನಲ್ಲಿ ತಟಾಕವೂ ಒಂದು. ಮನುಷ್ಯನು ಸತ್ತ ಮೇಲೂ ಅವನ ಹೆಸರನ್ನು ಉಳಿಸತಕ್ಕ ವಸ್ತು ಎಂದು ಇದರ ತಾತ್ಪರ್ಯ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ೧೩೬೯ರ ಒಂದು ಶಾಸನವುಂಟು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನವದು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿ ಜಿನುಗುವುದು ಒಂದು ದೋಷ. ಚೌಳುನೆಲ ಒಂದು ದೋಷ. ನೀರು ಕಡಮೆಯಾಗಿ ಗದ್ದೆ ಹೆಚ್ಚಾಗುವುದು ಒಂದು, ಗದ್ದೆ ಕಡಮೆಯಾಗಿ ನೀರು ಹೆಚ್ಚಾಗುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವಂತೆ! ಈ ಮಾತನ್ನು ಬರೆದವನು ಬರಿಯ ಪಂಡಿತನಲ್ಲ, ಲೋಕವನ್ನು ಕಂಡವನು. ಅದೇ ಶಾಸನವು ಪ್ರತಿದಿನ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಕ್ಕೆ ಕೆಲಸ ಮುಗಿಯಿತೆಂದು ಹೇಳುತ್ತದೆ. ಸಂಖ್ಯೆಯನ್ನಾದರೂ ಹೇಳಿತಲ್ಲ ಎಂದು ನಾವು ಸಂತೋಷಪಡಬೇಕು. ಉಳಿದ ಎಷ್ಟೋ ಶಾಸನಗಳು ಅದನ್ನೂ ಹೇಳುವುದಿಲ್ಲ.

ನಾನು ಚನ್ನರಾಯಪಟ್ಟಣದವನು. ಹಾಸನ ಜಿಲ್ಲೆಯ ಪ್ರಸಿದ್ಧ ಚನ್ನರಾಯಪಟ್ಟಣವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಹೋಬಳಿ ಊರು. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಅರ್ಕಾವತಿ, ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿಗಳು ನಂದಿಬೆಟ್ಟದ ಸಾಲಿನಲ್ಲಿ, ನಮ್ಮ ಕಣ್ಣೆದುರಿನಲ್ಲಿಯೇ ಹುಟ್ಟುತ್ತವೆ. ಆದರೆ ತವರಿನಲ್ಲಿ ನಿಲ್ಲದ ಹೆಣ್ಣುಮಕ್ಕಳಂತೆ ಹುಟ್ಟಿದೊಡನೆ ಬೇರೆ ನಾಡಿನ ಹಾದಿ ಹಿಡಿಯುತ್ತವೆ. ಬೀಳುವ ಮಳೆ ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರು. ಅದರಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಸುರಿದು ಹೋಗುತ್ತದೆ. ಇಂತಹ ನೆಲದಲ್ಲಿ ಮನುಷ್ಯನು ನೆಲೆನಿಲ್ಲಬೇಕಾದರೆ ಓಡುವ ನೀರಿಗೆ ಅಡ್ಡಲಾಗಿ ಮಣ್ಣು ಹಾಕದೆ ಗತ್ಯಂತರವಿರಲಿಲ್ಲ. ಹೀಗೆ ಕಟ್ಟಿದ ಕೆರೆಗಳು ಕರ್ನಾಟಕದಲ್ಲಿ ೩೬ ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ. ಹಳೆಯ ಮೈಸೂರಿನ ಮುಖ್ಯ ಎಂಜಿನಿಯರರಾಗಿದ್ದ ಸ್ಯಾಂಕಿಯವರು, ಈ ದೇಶದಲ್ಲಿ ಹೊಸದೊಂದು ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟವೆಂಬ ಅರ್ಥದ ಮಾತನ್ನು ಬರೆದಿಟ್ಟು ಹೋದರು.

ಕೆರೆಯೆಂದರೆ ಒಂದು ಗುಂಡಿಯಲ್ಲ. ಅದು ಸರಪಳಿಯ ಒಂದು ಕೊಂಡಿ. ಮೇಲಿನ ಊರಿನ ಕೆರೆ ತುಂಬಿ ಕೋಡಿ ಹೋದ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಬರುತ್ತದೆ. ಮೇಲಿನವನು ತನ್ನ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನವನ ಗದ್ದೆ ಒಣಗುತ್ತದೆ. ಕೆಳಗಿನವನು ಎತ್ತರಿಸಿದರೆ ಮೇಲಿನವನ ಅಚ್ಚುಕಟ್ಟು ಮುಳುಗುತ್ತದೆ. ಆದುದರಿಂದ ಕೋಡಿಯ ಕಲ್ಲೆಂಬುದು ಇಬ್ಬರು ನೆರೆಯವರು ಕೊಟ್ಟುಕೊಂಡ ಮಾತು. ತೂಬನ್ನು ಎತ್ತುವ ಅಧಿಕಾರ ಯಾವ ಜಮೀನ್ದಾರನಿಗೂ ಇರಲಿಲ್ಲ, ನೀರಗಂಟಿಗೆ ಮಾತ್ರ ಇತ್ತು. ಯಾರ ಗದ್ದೆಗೆ ಯಾವ ಹೊತ್ತು, ಎಷ್ಟು ನೀರು ಎಂಬುದು ಅವನ ತಲೆಯಲ್ಲಿರುತ್ತಿತ್ತು. ನೀರು ಕಡಮೆಯಾದ ವರ್ಷ ಎಲ್ಲರೂ ಅಷ್ಟಷ್ಟು ನೆಲವನ್ನು ಬೀಳು ಬಿಡಬೇಕು. ಸುಗ್ಗಿಯ ಕಾಲಕ್ಕೆ ಕಣದಲ್ಲಿ ಅವನ ಪಾಲಿನ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಗೆ ಕಟ್ಟುಕೊಡುಗೆ ಎಂದೂ ಬಿತ್ತುವಟ್ಟ ಎಂದೂ ಶಾಸನಗಳಲ್ಲಿ ಹೆಸರಿದೆ. ಹೂಳು ಹೊರುವ ಬಂಡಿಗೆ ಸಹ ದತ್ತಿ ಬಿಟ್ಟವರುಂಟು. ದೇವರ ದೀಪದ ಎಣ್ಣೆಗೆ ದತ್ತಿ ಬಿಡುವುದನ್ನು ತಾವು ಕೇಳಿದ್ದೀರಿ; ಮಣ್ಣು ಹೊರುವ ಬಂಡಿಗೆ ದತ್ತಿ ಬಿಟ್ಟ ಬುದ್ಧಿಯನ್ನು ನಾನು ಅದಕ್ಕಿಂತ ಕಡಮೆಯೆಂದು ಎಣಿಸಲಾರೆ.

ನಾನು ಹುಡುಗನಾಗಿದ್ದಾಗ ಚೈತ್ರ ವೈಶಾಖಗಳಲ್ಲಿ ತಂದೆಯವರು ಗಾಡಿ ಕಟ್ಟಿಕೊಂಡು ಕೆರೆಗೋಡು ತರಲು ಹೋಗುತ್ತಿದ್ದರು. ಗೋಡನ್ನು ಹೊಲಕ್ಕೆ ಹೊಡೆದರೆ ಎರಡು ಮೂರು ವರ್ಷ ಬೇರೆ ಗೊಬ್ಬರದ ಚಿಂತೆಯಿಲ್ಲ. ಕೆರೆಗೆ ಆಳ ಸಿಕ್ಕಿತು, ಹೊಲಕ್ಕೆ ಸತ್ತ್ವ ಸಿಕ್ಕಿತು; ಇದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡಿದಂತೆ ಆಗಲಿಲ್ಲ. ಕೆರೆಯಂಗಳದಲ್ಲಿ ಹೆಂಗಸರು ಹೊನಗೊನೆ ಸೊಪ್ಪನ್ನೂ ಒಂದೆಲಗವನ್ನೂ ಬಿಡಿಸುತ್ತಿದ್ದರು, ಜೊಂಡನ್ನು ಕೊಯ್ದು ಚಾಪೆ ಹೆಣೆಯುವವರಿದ್ದರು. ಕೋಡಿ ಬಿದ್ದ ದಿನ ಊರಿಗೆ ಊರೇ ಏರಿಯ ಮೇಲೆ ನಿಂತು ಗಂಗಮ್ಮನಿಗೆ ಬಾಗಿನ ಬಿಡುತ್ತಿತ್ತು.

ನವೆಂಬರಿನ ಹೊತ್ತಿಗೆ ನೀರಿನ ಮೇಲೆ ಅಪರಿಚಿತ ಬಾತುಗಳು ಇಳಿಯುತ್ತಿದ್ದವು. ಸೂಜಿಯಂತಹ ಬಾಲದವು ಕೆಲವು, ಚಮಚದಂತಹ ಕೊಕ್ಕಿನವು ಕೆಲವು. ಹೊಸಕೋಟೆಯ ದೊಡ್ಡಕೆರೆಯಲ್ಲಿ ಅವು ನೀರು ನಿಂತ ವರ್ಷಗಳಲ್ಲಿ ಇಂದಿಗೂ ಬಂದಿಳಿಯುತ್ತವೆ. ಸುಗಟೂರಿನ ತಮ್ಮೇಗೌಡನು ಸುಮಾರು ೧೫೯೫ರಲ್ಲಿ ಆ ಊರನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಕೆರೆಯ ಏರಿಯೇ ಎರಡು ಮೈಲಿಯಷ್ಟು ಉದ್ದ. ಈ ಹಕ್ಕಿಗಳು ಎಲ್ಲಿಂದ ಬರುತ್ತವೆಂದು ಆಗ ನಮಗೆ ಹೇಳುವವರಿರಲಿಲ್ಲ. ಅವುಗಳ ಜಾತಿಯವು ಮರಿಮಾಡುವುದು ಸೈಬೀರಿಯದಂತಹ ಉತ್ತರದ ಶೀತದೇಶಗಳಲ್ಲಿ ಎಂಬುದನ್ನು ಬಹಳ ವರ್ಷಗಳ ತರುವಾಯ ಓದಿ ತಿಳಿದೆ. ಆ ಓದಿನಲ್ಲಿಯೇ ಬೈಕಲ್ ಎಂಬ ಸರೋವರದ ಪರಿಚಯವಾಯಿತು.

ರಷ್ಯಾ ದೇಶದ ಬೈಕಲ್ ಯಾರೂ ಕಟ್ಟಿಸಿದ ಕೆರೆಯಲ್ಲ. ಭೂಮಿಯು ಸೀಳಿ ಆದ ಕಣಿವೆಯಲ್ಲಿ ನೀರು ತುಂಬಿ ಎರಡೂವರೆ ಕೋಟಿ ವರ್ಷಗಳಾದುವೆಂದು ವಿಜ್ಞಾನಿಗಳ ಅಂದಾಜು. ಉದ್ದ ೬೩೬ ಕಿಲೋಮೀಟರು. ಆಳ ೧೬೪೨ ಮೀಟರು. ನಂದಿಬೆಟ್ಟದ ಶಿಖರ ಸಮುದ್ರಮಟ್ಟದಿಂದ ೧೪೭೮ ಮೀಟರು ಎಂಬುದನ್ನು ನೆನೆದರೆ ಈ ಆಳ ಮನಸ್ಸಿಗೆ ಹಿಡಿಯುತ್ತದೆ. ಹಿಮಗಡ್ಡೆಯಾಗದೆ ಭೂಮಿಯ ಮೇಲೆ ನಿಂತಿರುವ ಸಿಹಿನೀರಿನಲ್ಲಿ ಐದನೆಯ ಒಂದು ಪಾಲು ಅದೊಂದರಲ್ಲಿಯೇ ಇದೆ. ಮುನ್ನೂರಕ್ಕೂ ಹೆಚ್ಚು ಹೊಳೆಗಳು ಅದನ್ನು ಸೇರುತ್ತವೆ. ಹೊರಗೆ ಹರಿಯುವುದು ಅಂಗಾರಾ ಎಂಬುದೊಂದೇ ನದಿ. ಕಡಲಿನಿಂದ ನೂರಾರು ಹರದಾರಿ ದೂರದಲ್ಲಿದ್ದರೂ ಅಲ್ಲಿ ನೇರ್ಪಾ ಎಂಬ ನೀರುನಾಯಿಯಂತಹ ಸೀಲ್ ಪ್ರಾಣಿ ಬಾಳುತ್ತದೆ, ಬೇರೆಲ್ಲಿಯೂ ಅದಿಲ್ಲ. ಆ ನೀರಿನ ತಿಳಿತನಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಕಣ್ಣಿಗೆ ಕಾಣುವುದೇ ಕಷ್ಟವಾದ ಒಂದು ಸೀಗಡಿಜಾತಿಯ ಜೀವಿ. ಲಕ್ಷಗಟ್ಟಲೆ ಕೋಟಿಗಟ್ಟಲೆ ಸೇರಿ ನೀರನ್ನು ಸೋಸಿ ಸೋಸಿ ಬಿಡುವುದೇ ಅದರ ಕಾಯಕ. ಹೂಳು ಅಲ್ಲಿಯೂ ಬೀಳುತ್ತದೆ. ತಳದಲ್ಲಿ ಕಿಲೋಮೀಟರುಗಟ್ಟಲೆ ದಪ್ಪ ಶೇಖರವಾಗಿದೆ. ಆದರೆ ಕೆಳಗಿನ ನೆಲ ಇನ್ನೂ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಬಾಯಿ ಬಿಡುತ್ತಲೇ ಇರುವುದರಿಂದ ಸರೋವರ ತುಂಬಿಹೋಗಿಲ್ಲ. ದಂಡೆಯ ಬುರ್ಯಾತ್ ಜನ ಓಲ್ಖೋನ್ ದ್ವೀಪದ ಬಂಡೆಯನ್ನು ದೇವರ ನೆಲೆಯೆಂದು ಕಂಡು ಬಣ್ಣದ ಬಟ್ಟೆ ಕಟ್ಟುತ್ತಾರೆ, ಹಾಲು ಚಿಮುಕಿಸುತ್ತಾರೆ. ನಮ್ಮ ಬಾಗಿನ ಅವರಿಗೆ ವಿಚಿತ್ರವಾಗಿ ತೋರಲಾರದು.

ಬೈಕಲಿಗೆ ಮನುಷ್ಯನಿಂದ ಬೇಕಾದದ್ದು ಒಂದೇ: ಅದರ ತಂಟೆಗೆ ಹೋಗದಿರುವುದು. ಅಷ್ಟೂ ಅವನಿಂದ ಆಗಲಿಲ್ಲ. ೧೯೬೬ರಲ್ಲಿ ಅದರ ದಕ್ಷಿಣದ ದಂಡೆಯಲ್ಲಿ ಮರದ ತಿರುಳಿನ ಕಾರ್ಖಾನೆಯೊಂದು ಕೆಲಸ ಆರಂಭಿಸಿತು. ಮಾತನಾಡುವುದು ಸುಲಭವಲ್ಲದ ಆ ಕಾಲದಲ್ಲಿಯೂ ಅಲ್ಲಿನ ವಿಜ್ಞಾನಿಗಳು, ಸಾಹಿತಿಗಳು ವಿರೋಧಿಸಿದರು. ೧೯೯೬ರಲ್ಲಿ ಯುನೆಸ್ಕೊ ಸಂಸ್ಥೆಯು ಸರೋವರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೂ ಕಾರ್ಖಾನೆ ನಡೆಯಿತು, ಮುಚ್ಚಿದ್ದು ೨೦೧೩ರಲ್ಲಿ. ತೊಟ್ಟಿಗಳಲ್ಲಿ ಉಳಿಸಿಹೋದ ಕೊಳೆಯೇ ಲಕ್ಷಾಂತರ ಟನ್ನು. ಇದರಲ್ಲಿ ಒಂದು ಸಂಗತಿಯನ್ನು ಮರೆಮಾಡುವುದು ನ್ಯಾಯವಲ್ಲ. ಆ ಕಾರ್ಖಾನೆಯ ಸುತ್ತ ಒಂದು ಪಟ್ಟಣವೇ ಬೆಳೆದಿತ್ತು. ಅದು ಮುಚ್ಚಿದಾಗ ಸರೋವರದ ಭಾರವನ್ನು ಹೊತ್ತವರು ಅದನ್ನು ಕಟ್ಟಿಸಿದ ಅಧಿಕಾರಿಗಳಲ್ಲ, ಅನ್ನ ಕಳೆದುಕೊಂಡ ಕೂಲಿಗಳು.

ದೇವರು ಕೊಟ್ಟ ಸರೋವರದಲ್ಲಿಯೇ ಹೀಗಾದರೆ, ಮನುಷ್ಯರೇ ಕಟ್ಟಿದ ಕೆರೆಯ ಮಾತೇನು? ಭಾರ ಹೊರುವವರಿಲ್ಲದಿದ್ದರೆ ನಮ್ಮ ಕೆರೆ ಒಂದು ತಲೆಮಾರು ನಿಲ್ಲದು. ಆದ್ದರಿಂದ ಹಿಂದಿನವರು ಯಾರ ಮೇಲಾದರೂ ಆ ಭಾರವನ್ನು ಹಾಕಲೇಬೇಕಾಯಿತು. ಯಾರ ಮೇಲೆ ಹಾಕಿದರು?

‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತೆಯನ್ನು ಶಾಲೆಯಲ್ಲಿ ಓದದವರಿಲ್ಲ. ಗೌಡ ಕೆರೆ ತೋಡಿಸುತ್ತಾನೆ, ನೀರು ಬರುವುದಿಲ್ಲ, ಜೋಯಿಸರು ಸೊಸೆಯೊಬ್ಬಳನ್ನು ಕೊಡಬೇಕೆನ್ನುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನಕ್ಕೆ ಕೊರತೆ. ಆದುದರಿಂದ ಕಿರಿಯ ಸೊಸೆ ಭಾಗೀರಥಿ. ನಾವು ಅದನ್ನು ತ್ಯಾಗದ ಕಥೆಯೆಂದು ಮಕ್ಕಳಿಗೆ ಬೋಧಿಸುತ್ತೇವೆ. ನನಗೆ ವಯಸ್ಸಾದಂತೆ ಅದು ಲೆಕ್ಕಾಚಾರದ ಕಥೆಯಾಗಿ ಕಾಣುತ್ತಿದೆ. ಬೆಲೆಯನ್ನು ಯಾರಿಂದ ಪಡೆದರೆ ಮನೆಗೆ ಕಡಮೆ ನಷ್ಟವೋ ಅವರಿಂದ ಪಡೆದರು. ಕೆರೆಯ ಮಣ್ಣನ್ನು ಅಗೆದ ಒಡ್ಡರ ವಿಷಯವೂ ಹಾಗೆಯೇ. ಇಂದು ಭೋವಿ ಎಂದು ಕರೆದುಕೊಳ್ಳುವ ಆ ಸಮಾಜದ ಕೈಯಿಂದಲೇ ನಮ್ಮ ಎಷ್ಟೋ ಕೆರೆಗಳಾದುವು. ಅವರ ಕುಲದ ಹೆಸರು ಮಾತ್ರ ಬೈಗುಳವಾಯಿತು. ಇನ್ನು ನೀರಗಂಟಿ, ತೋಟಿಗಳ ಕೇರಿಯವರು ತಾವು ಕಾದ ನೀರಿನ ಹತ್ತಿರ ಸುಳಿಯಲೂ ಅಂಜಬೇಕಾದ ಊರುಗಳಿದ್ದುವು. ೧೯೨೭ರ ಮಾರ್ಚಿಯಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ಹೋಗಿ ಬೊಗಸೆ ನೀರು ಕುಡಿದರು. ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದು ಆಗಲೇ ಕೆಲವು ವರ್ಷಗಳಾಗಿದ್ದುವು. ಆದರೂ ಮೇಲಿನವರು ಬಳಿಕ ಪಂಚಗವ್ಯ ಸುರಿದು ಆ ನೀರನ್ನು ‘ಶುದ್ಧಿ’ ಮಾಡಿದರು. ಹಳೆಯ ಗ್ರಾಮವ್ಯವಸ್ಥೆಯನ್ನು ಹೊಗಳುವ ಉತ್ಸಾಹದಲ್ಲಿ ಇದನ್ನು ಬಿಟ್ಟು ಬರೆಯುವ ಲೇಖಕರನ್ನು ನಾನು ನಂಬುವುದಿಲ್ಲ.

ಈ ಸಂದರ್ಭದಲ್ಲಿ ಶೂನ್ಯಸಂಪಾದನೆಯ ಒಂದು ಪ್ರಸಂಗ ತಮ್ಮ ನೆನಪಿಗೆ ಬಾರದಿರದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮರು ಕೆರೆ ತೋಡಿಸುತ್ತಿದ್ದರು. ಆ ಕೆರೆ ಈಗಲೂ ಪಟ್ಟಣದ ನಡುವೆ ಇದೆ. ನೀರಿನ ನಡುವೆ ಸಿದ್ಧೇಶ್ವರ ದೇವಾಲಯವಿದೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳುತ್ತಾರೆ. ಕೆಲಸಗಾರರು ತಮ್ಮ ಗುರುವನ್ನು ಹೀನಾಯವಾಗಿ ಕರೆದನೆಂದು ಕೆರಳಿ ಕಲ್ಲು ಬೀರುತ್ತಾರೆ. ಮುಂದಿನ ಸಂವಾದ, ಸಿದ್ಧರಾಮರು ಕಲ್ಯಾಣಕ್ಕೆ ಹೋದದ್ದು, ಚನ್ನಬಸವಣ್ಣನವರಿಂದ ಇಷ್ಟಲಿಂಗ ಪಡೆದದ್ದು, ಶೂನ್ಯಪೀಠವನ್ನೇರಿದ್ದು ಎಲ್ಲವೂ ತಾವು ಬಲ್ಲ ಕಥೆಯೇ.

ಈ ಪ್ರಸಂಗಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ, ಕೆರೆ ಕಟ್ಟಿಸುವುದು ಬಹಿರಂಗದ ಕರ್ಮ, ಅಂತರಂಗದ ಸಾಧನೆ ಅದಕ್ಕಿಂತ ಮೇಲು ಎಂದು. ನನಗೆ ಇದು ಒಪ್ಪುವುದಿಲ್ಲ. ಕೆರೆ ಬೇಡವೆಂದಿದ್ದರೆ ಆ ಕೆರೆಯನ್ನು ಜನ ಸಿದ್ಧರಾಮರ ಹೆಸರಿನೊಡನೆ ಎಂಟುನೂರು ವರ್ಷ ಪೂಜಿಸುತ್ತ ಬರುತ್ತಿರಲಿಲ್ಲ. ಅಲ್ಲಮರು ಮುಟ್ಟಿ ನೋಡಿದ್ದು ‘ನಾನು ಕಟ್ಟಿಸಿದೆ’ ಎಂಬ ಮಾತನ್ನು. ಅವರು ಆರಿಸಿಕೊಂಡ ಬೈಗುಳವನ್ನಾದರೂ ನೋಡಿ. ಮಣ್ಣು ಹೊರುವವನ ಹೆಸರಿನಿಂದ ಗುರುವನ್ನು ಕರೆದರು. ಮಣ್ಣು ಹೊರುತ್ತಿದ್ದವರಿಗೇ ಅದು ಅವಮಾನವಾಗಿ ಕೇಳಿಸಿತು! ತಮ್ಮ ಕೈಯ ಕೆಲಸದ ಹೆಸರನ್ನು ಅವರೇ ಸಹಿಸದೆ ಕಲ್ಲೆತ್ತಿಕೊಂಡರು. ಪುಣ್ಯವೂ ಭಾರವೂ ಬೇರೆ ಬೇರೆ ಮನೆಗಳಿಗೆ ಹಂಚಿಹೋದಾಗ ಸಮಾಜದ ಬುದ್ಧಿ ಎಷ್ಟು ಆಳಕ್ಕೆ ಕೆಡುತ್ತದೆಂಬುದನ್ನು ಆ ಕಲ್ಲುಗಳು ತೋರಿಸುತ್ತವೆ. ಶರಣರು ಕಾಯಕವೆಂಬ ಶಬ್ದಕ್ಕೆ ಅಷ್ಟು ತೂಕ ಕೊಟ್ಟದ್ದು ಸುಮ್ಮನೆ ಅಲ್ಲ.

ನಮ್ಮ ಕಾಲಕ್ಕೆ ಬರೋಣ. ಇಂಗ್ಲಿಷರ ಆಡಳಿತದ ಕಾಲದಿಂದಲೇ ಕೆರೆಗಳ ದುರಸ್ತಿ ಊರಿನಿಂದ ಇಲಾಖೆಯ ಕಡೆಗೆ ಸರಿಯತೊಡಗಿತು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಆಗಬೇಕಾದದ್ದೇ ಆಯಿತು, ಹುಟ್ಟಿನಿಂದ ಬಂದ ಬಿಟ್ಟಿಚಾಕರಿ ಯಾರಿಗೂ ಬೇಡ. ಆದರೆ ನೀರಗಂಟಿ ಇಳಿಸಿದ ಭಾರವನ್ನು ಎತ್ತಿಕೊಳ್ಳಲು ಉಳಿದವರು ಯಾರೂ ಮುಂದೆ ಬರಲಿಲ್ಲ. ೪೦ ಹೆಕ್ಟೇರಿನವರೆಗಿನ ಅಚ್ಚುಕಟ್ಟಿನ ಕೆರೆ ಪಂಚಾಯಿತಿಯದು, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು ಎಂದು ಕಾಗದದಲ್ಲಿ ವಿಂಗಡಣೆಯಾಯಿತು. ಅಷ್ಟರಲ್ಲಿ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲಿಯೇ ನೀರು ಚಿಮ್ಮುವಾಗ ಕೋಡಿಯ ಕಲ್ಲಿನ ಮಾತು ಯಾರಿಗೆ ಬೇಕು? ಕೆರೆಯ ನೀರು ಇಂಗಿದ್ದರಿಂದಲೇ ಬಾವಿಯಲ್ಲಿ ನೀರು ಬರುವುದೆಂಬುದನ್ನು ಮರೆತೆವು. ಈಗ ನಮ್ಮ ಹೋಬಳಿಯಲ್ಲಿ ಸಾವಿರ ಅಡಿ ಕೊರೆಸಿ ಬರಿಯ ಧೂಳನ್ನು ಕಂಡವರು ಎಷ್ಟೋ ಮಂದಿ. ಜಲಾನಯನದ ಮೇಲುನೆಲದಲ್ಲಿ ನೀಲಗಿರಿ ಗಿಡ ಹಬ್ಬಿತು. ಅದರ ಹೊಸ ನಾಟಿಯನ್ನು ಸರ್ಕಾರ ೨೦೧೭ರಲ್ಲಿ ನಿಷೇಧಿಸಿತು. ೨೦೦೮ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣ ತೆರೆಯಿತು. ಅಂದಿನಿಂದ ಕೆರೆಗೆ ನೀರು ತರುವ ಕಾಲುವೆಗಿಂತ ಆ ಕಾಲುವೆಯ ಜಾಗಕ್ಕೇ ಹೆಚ್ಚು ಬೆಲೆ.

ಬೆಂಗಳೂರಿನ ಬೆಳ್ಳಂದೂರು ಕೆರೆಗೆ ೨೦೧೭ರಲ್ಲಿ ಬೆಂಕಿ ಹತ್ತಿದ್ದನ್ನು ತಾವು ಪತ್ರಿಕೆಗಳಲ್ಲಿ ಓದಿದ್ದೀರಿ. ನೀರಿಗೆ ಬೆಂಕಿ! ಅದೇ ನಗರದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಸಂಸ್ಕರಿಸಿ ೨೦೧೮ರಿಂದ ಕೋಲಾರದ ಕೆರೆಗಳಿಗೂ, ತರುವಾಯ ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಚಿಕ್ಕಬಳ್ಳಾಪುರ ಹಾಗೂ ನಮ್ಮ ಜಿಲ್ಲೆಯ ಕೆಲವು ಕೆರೆಗಳಿಗೂ ಹರಿಸಲಾಯಿತು. ಒಣಗಿದ ಕೆರೆ ತುಂಬಿ ಬಾವಿಗಳಲ್ಲಿ ನೀರು ಏರಿದ್ದನ್ನು ಕಂಡು ಹರ್ಷಿಸಿದ ರೈತರಿದ್ದಾರೆ. ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಆಗಲೇಬೇಕೆಂದು ನ್ಯಾಯಾಲಯದವರೆಗೆ ಹೋದವರೂ ಇದ್ದಾರೆ. ನಾನು ಎರಡನೆಯವರ ಪಕ್ಷ. ನಗರದವರು ತಾವು ಕುಡಿಯಲೊಲ್ಲದ ನೀರನ್ನು ಹಳ್ಳಿಯ ನೆಲಕ್ಕೆ ಇಂಗಿಸುವಾಗ ಶುದ್ಧಿಯ ಕೊನೆಯ ಹಂತದ ಖರ್ಚನ್ನು ಉಳಿಸಿದರೆ ಆ ಉಳಿತಾಯವನ್ನು ತೆರುವವರು ಇಲ್ಲಿಯ ಬಾವಿಯಿಂದ ನೀರು ಸೇದುವ ಮನೆಯವರು. ಕಿರಿಯ ಸೊಸೆಯನ್ನು ಆರಿಸಿದ ಲೆಕ್ಕಾಚಾರಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ನಮ್ಮ ಹೋಬಳಿಯ ೧೩ ಹಳ್ಳಿಗಳ ೧,೭೭೭ ಎಕರೆ ಭೂಮಿಯನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳುವ ಪ್ರಯತ್ನವನ್ನು ವಿರೋಧಿಸಿ ರೈತರು ೨೦೨೨ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. ೨೦೨೫ರ ಜುಲೈ ೧೫ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಸಾರಿದರು. ಅಂದು ಸಿಹಿ ಹಂಚಿದ ಕೈಗಳಲ್ಲಿ ನನ್ನದೂ ಒಂದು. ನೆಂಟರ ಮುದುಕಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಭೂಮಿ ಏನೋ ಉಳೀತು ಕಣಪ್ಪ, ನೀರು?” ಎಂದರು. ಅವರ ಹಿಪ್ಪುನೇರಳೆ ತೋಟದ ಕೊಳವೆಬಾವಿ ಆ ಬೇಸಿಗೆಯಲ್ಲಿ ಬತ್ತಿತ್ತು.

ಆ ಮಾತು ಚುಚ್ಚಿತು. ಮುಂದಿನ ಬೇಸಿಗೆಯಲ್ಲಿ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ವಂತಿಗೆ ಎತ್ತಿ, ಪಂಚಾಯಿತಿಯ ಒಪ್ಪಿಗೆ ಪಡೆದು, ಸಣ್ಣದೊಂದು ಕಟ್ಟೆಯ ಹೂಳು ತೆಗೆಸಿದೆವು. ಹನ್ನೊಂದು ದಿನದ ಕೆಲಸ. ಯಂತ್ರ ನಡೆಸಿದವನು ರಾಯಚೂರಿನ ಕಡೆಯ ಹುಡುಗ, ಇಪ್ಪತ್ತೆರಡರ ಪ್ರಾಯವಿರಬಹುದು. ರಾತ್ರಿ ಏರಿಯ ಮೇಲೆಯೇ ಮಲಗುತ್ತಿದ್ದ. ಹಳೆಯ ತೂಬಿನ ಕಲ್ಲು ಹೂಳಿನೊಳಗೆ ಕಂಡಾಗ ಯಂತ್ರವನ್ನು ನಿಲ್ಲಿಸಿ, ಇಳಿದು, ಅದನ್ನು ಕೈಯಿಂದಲೇ ಬಿಡಿಸಿದವನು ಅವನು. ನಾವು ಯಾರೂ ಹೇಳಿರಲಿಲ್ಲ. ಕೆಲಸ ಮುಗಿದ ದಿನ ದಾನಿಗಳ ಹೆಸರಿನ ಫಲಕವನ್ನು ನಿಲ್ಲಿಸಿದೆವು. ಅವನು ಅದರ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿ, “ಚಲೋ ಆಗ್ಯಾದ್ರಿ ಸರ” ಎಂದು ಹೇಳಿ ಯಂತ್ರವನ್ನು ಲಾರಿಗೆ ಏರಿಸಿದ. ಅವನ ಹೆಸರನ್ನೂ ಬರೆಸಬೇಕಾಗಿತ್ತೆಂಬುದು ನನಗೆ ಹೊಳೆದದ್ದು ಲಾರಿ ಹೋದ ಮೇಲೆ. ಹೆಸರು ಬರೆಯುವವನನ್ನು ಕೇಳಿದೆ. ಅಕ್ಷರಕ್ಕಿಷ್ಟೆಂದು ಹಣ ಆಗಲೇ ಕೊಟ್ಟಾಗಿತ್ತು. ಫಲಕದಲ್ಲಿ ಜಾಗವೂ ಉಳಿದಿರಲಿಲ್ಲ. ಅಳಿಸಿ ಬರೆಯಬೇಕಾದರೆ ಯಾರ ಹೆಸರನ್ನು ಅಳಿಸಲಿ ಎಂದು ಅವನು ಕೇಳಿದ.

ಫಲಕ ಇನ್ನೂ ಏರಿಯ ಮೇಲಿದೆ. ನನ್ನ ಹೆಸರು ಎರಡನೆಯದು.